ತೊರ್ರೆಸೆಕಾದ ಮೋಡಗಳು

ಬೆನಿಗ್ನೊ ಕಿಂತಾನಾ ಭೂದೃಶ್ಯಗಳ ಚಿತ್ರಕಾರ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ಹೊರಗಿನ ಭೂಮಿ ಕಣ್ಣಿಗೆ ಬೀಳಬಾರದು ಅಂತ ಕಿಟಕಿಯ ಗಾಜಿಗೆಲ್ಲ ಸುಣ್ಣ ಬಳಿದುಕೊಂಡು, ಗೋಡೆಗೆ ಮುಖ ಮಾಡಿ ಕೂತು ಭೂದೃಶ್ಯ ಬರೆದವನು ಇಡೀ ಮೆಕ್ಸಿಕೊ ನಗರದಲ್ಲಿ ಅವನೊಬ್ಬನೇ ಇರಬೇಕು. ಅವನ ಚಿತ್ರಗಳಿಗೆ ಇಪ್ಪತ್ತೆಂಟು ವರ್ಷ ಚೌಕಟ್ಟು ಹಾಕಿದವನು ನಾನು, ಮೆಲಿತೋನ್. ಅವನ ಕೋಣೆ ಮಹಡಿಯ ಮೇಲೆ, ನನ್ನ ಅಂಗಡಿ ಕೆಳಗೆ. ಅವನೂ ಸ್ಪೇನಿನಿಂದ ಓಡಿಬಂದವನು, ನಾನೂ ಓಡಿಬಂದವನು. ಆದ್ದರಿಂದ ಅವನನ್ನು ಆಡಿಕೊಳ್ಳುವ ಹಕ್ಕು ನನಗಿದೆ. ಇಲ್ಲ ಅನ್ನುವವರು ನನ್ನ ಮುಂದೆ ಬಂದು ಹೇಳಲಿ.

ಅವನ ಊರು ತೊರ್ರೆಸೆಕಾ, ಕ್ವೆಂಕಾ ಪಟ್ಟಣದಿಂದ ಅರ್ಧ ದಿನದ ದಾರಿ. ನಲವತ್ತು ಮನೆ, ಒಂದು ಇಗರ್ಜಿ, ಒಂದು ಬಾವಿ, ಸುತ್ತ ಗೋಧಿ ಹೊಲ. ಮೂವತ್ತಾರರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಅವನು ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಬ್ರಿಹಿದಾ, ತೊಟ್ಟಿಲಲ್ಲಿ ಮಗಳು ಕಾಸಿಲ್ದಾ. ಗಣರಾಜ್ಯದ ಸೈನ್ಯ ಇವನನ್ನು ಎಬ್ರೊ ನದಿಯ ದಂಡೆಗೆ ಕರೆಸಿಕೊಂಡು, "ನೋಡಪ್ಪಾ, ನಿನ್ನ ಕೈಲಿ ಬಂದೂಕು ಕೊಟ್ರೆ ನಮಗೇ ಅಪಾಯ, ಫಿರಂಗಿ ಮುಚ್ಚೋಕೆ ಬಟ್ಟೆ ಮೇಲೆ ಹೊಲ ಬರ್ಕೊಡು ಸಾಕು" ಅಂದಿತು. ಮಹಾರಾಯ ಬರೆದ. ಎಂಥ ಹೊಲ! ತೆನೆ ತೂಗುವ ಹಚ್ಚಹಸಿರು ಗೋಧಿ ಹೊಲ. ತಿಂಗಳು ಆಗಸ್ಟ್. ಆ ಸೀಮೆಯಲ್ಲಿ ಆಗಸ್ಟಿನಲ್ಲಿ ಹಸಿರು ಅಂತ ಇರುವುದು ಬಾಟಲಿಗಳು ಮಾತ್ರ. ಶತ್ರುವಿಮಾನಗಳು ಮೂವತ್ತು ಮೈಲಿ ದೂರದಿಂದಲೇ ಆ ಹೊಲವನ್ನು ಕಂಡು ಸಂತೋಷವಾಗಿ ಬಂದು ಬಾಂಬು ಹಾಕಿಹೋದವು. ಪುಣ್ಯಕ್ಕೆ ಸತ್ತದ್ದು ಒಂದು ಹೇಸರಗತ್ತೆ. "ಆದ್ರೂ ಬಣ್ಣ ಚೆನ್ನಾಗಿತ್ತು ಕಣಯ್ಯ" ಅಂತ ಅವನು ಸಾಯುವವರೆಗೂ ಹೇಳುತ್ತಿದ್ದ.

ಸೋತೆವು. ಅವನು ಸೈನ್ಯದ ಜೊತೆ ಫ್ರಾನ್ಸಿನ ಗಡಿ ದಾಟಿದ. ಅಲ್ಲಿಂದ ಹಡಗು, ಹಡಗಿನಿಂದ ವೆರಾಕ್ರೂಸ್, ಅಲ್ಲಿಂದ ಈ ನಗರ. ಹೆಂಡತಿ, ಮಗಳು ಅಲ್ಲೇ ಉಳಿದರು. ಮೊದಮೊದಲು ತಿಂಗಳಿಗೊಂದು ಕಾಗದ ಬರೆದ. ಅರ್ಧ ಕಾಗದ ಅಲ್ಲಿನ ಸರ್ಕಾರದ ಕತ್ತರಿಗೆ ಹೋಯಿತು, ಉತ್ತರ ಬರುವುದು ನಿಧಾನವಾಯಿತು. ಆಮೇಲೆ ವರ್ಷಕ್ಕೊಂದು ಹೊಸ ವರ್ಷದ ಕಾರ್ಡು. ಹೇಳಿಬಿಡುತ್ತೇನೆ, ಅವನು ಮಾಡಿದ್ದು ತಪ್ಪು. ಕತ್ತರಿ ಇದ್ದರೂ ಬರೆಯಬೇಕಿತ್ತು. ನಾನು ಬೈದೆ, ಅವನು ಬೈಸಿಕೊಂಡ, ಆಮೇಲೆ ಇಬ್ಬರೂ ಕೆಫೆಗೆ ಹೋದೆವು.

ಕೆಫೆ ಅಂದರೆ ನಮ್ಮ ದೇಶ. ನಮ್ಮ ಮೇಜಿನ ಅಧ್ಯಕ್ಷರು ದೊನ್ ಸೆರ್ವಾಂದೊ, ಒಂದು ಕಾಲದಲ್ಲಿ ಔಷಧದಂಗಡಿ ಇಟ್ಟಿದ್ದವರು. ದಿನಾ ಹನ್ನೊಂದು ಗಂಟೆಗೆ ಕಾಫಿ ಬಟ್ಟಲಿಗೆ ಚಮಚ ಬಡಿದು, "ಈ ಕ್ರಿಸ್ಮಸ್ ಒಳಗೆ ಜನರಲ್ ಬೀಳ್ತಾನೆ, ಬೇಕಾದ್ರೆ ಬರೆದಿಟ್ಕೊಳ್ಳಿ!" ಅನ್ನುವರು. ಬರೆದಿಟ್ಟುಕೊಂಡಿದ್ದರೆ ಒಂದು ಕಪಾಟು ತುಂಬುತ್ತಿತ್ತು. ನಮ್ಮನ್ನು ಸೋಲಿಸಿ ಸ್ಪೇನನ್ನು ಆಳುತ್ತಿದ್ದ ಆ ಜನರಲ್ ಬೀಳುವವರೆಗೆ ಇಲ್ಲಿ ಯಾವುದಕ್ಕೂ ಒಗ್ಗಿಕೊಳ್ಳಬಾರದು ಅನ್ನುವುದು ಮೇಜಿನ ನಿಯಮ. ಇಲ್ಲಿನ ಖಾರ, ಇಲ್ಲಿನ ಜೋಳದ ರೊಟ್ಟಿ, ಇಲ್ಲಿನ ಜನರ ಮೆದು ಮಾತು, ಎಲ್ಲವನ್ನೂ ಆಡಿಕೊಳ್ಳುವುದು ನಮ್ಮ ಕಸುಬು. ಆಡಿಕೊಂಡು ಮನೆಗೆ ಹೋಗಿ ಅದೇ ಖಾರ, ಅದೇ ರೊಟ್ಟಿಯನ್ನು ಬೆರಳು ಚೀಪಿಕೊಂಡು ತಿನ್ನುತ್ತಿದ್ದೆವು.

ಬೆನಿಗ್ನೊ ನಮ್ಮೆಲ್ಲರಿಗಿಂತ ಒಂದು ಕೈ ಮೇಲು. ಮೆಕ್ಸಿಕೊದ ಒಂದೇ ಒಂದು ಗುಡ್ಡವನ್ನೂ ಬರೆಯುವುದಿಲ್ಲ ಅಂತ ಮೇಜಿನ ಮುಂದೆ ಎದೆ ಮುಟ್ಟಿ ಆಣೆ ಮಾಡಿದ.

"ಇಲ್ಲಿನ ಗುಡ್ಡ ಬರೆದ್ರೆ ಇಲ್ಲೇ ಇರ್ತೀನಿ ಅಂತ ಸಹಿ ಹಾಕಿದ ಹಾಗೆ" ಅಂದ.

ಸೆರ್ವಾಂದೊ ಅವನನ್ನು ತಬ್ಬಿಕೊಂಡು ಅತ್ತರು. ಅಳುವುದು ಅವರಿಗೆ ಸುಲಭ, ಬಾಗಿಲು ತೆಗೆದಷ್ಟು ಸುಲಭ.

ಹಾಗಾದರೆ ಹೊಟ್ಟೆಪಾಡು? ಅದಕ್ಕೇನು, ನಮ್ಮ ಜನ ಇದ್ದರಲ್ಲ. ಪ್ರತಿಯೊಬ್ಬರಿಗೂ ಗೋಡೆಯ ಮೇಲೆ ತಮ್ಮ ಊರು ಬೇಕಿತ್ತು. ಬೆನಿಗ್ನೊ ಆ ಊರುಗಳ ಮುಖ ನೋಡಿದವನಲ್ಲ. ಅದಕ್ಕೂ ಅವನೊಂದು ವಿಧಾನ ಕಂಡುಕೊಂಡಿದ್ದ. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, "ಕಣ್ಮುಚ್ಚಿ. ಇಗರ್ಜಿ ಎಲ್ಲಿ, ಕೈಲಿ ತೋರ್ಸಿ. ಹೊಳೆ ಯಾವ ಕಡೆ ತಿರುಗತ್ತೆ? ನಿಮ್ಮನೆ ಬಾಗಿಲು?" ಅನ್ನುವನು. ಗಿರಾಕಿ ಗಾಳಿಯಲ್ಲಿ ಕೈಯಾಡಿಸುತ್ತ ಊರು ಕಟ್ಟುವನು, ಇವನು ಬರೆದುಕೊಳ್ಳುವನು. ಕೊನೆಗೆ ಎಲ್ಲ ಊರಿಗೂ ಒಂದೇ ಗೋಪುರ, ಒಂದೇ ಬಾವಿ. ಒಂದು ಸಲ ಸೆರ್ವಾಂದೊ ಜಗಳಕ್ಕೆ ನಿಂತರು.

"ಏನ್ರೀ ಇದು? ನಮ್ಮೂರ ಗೋಪುರ ದುಂಡಗಿತ್ತು. ನೀವು ಚೌಕ ಮಾಡಿದೀರಲ್ಲ!"

"ನೀವು ಯಾವ ಕಡೆಯಿಂದ ನೋಡಿದ್ರಿ?"

"ಯಾವ ಕಡೆಯಿಂದ ನೋಡಿದ್ರೂ ದುಂಡಗೇ ಇತ್ತು ಮಾರಾಯರೇ!"

"ಅದೇ ಮತ್ತೆ. ನೀವು ಕೆಳಗಡೆಯಿಂದ ನೋಡಿದೀರಿ. ನಾನು ಬರೆದಿರೋದು ಗುಡ್ಡದ ಮೇಲಿಂದ."

ಸೆರ್ವಾಂದೊ ತಲೆ ಕೆರೆದುಕೊಂಡು ಹೌದಿರಬಹುದು ಅಂದು ಚಿತ್ರ ಹೊತ್ತುಕೊಂಡು ಹೋದರು. ಒಂದು ತಿಂಗಳಾದ ಮೇಲೆ ಕೆಫೆಯಲ್ಲಿ ತಮ್ಮೂರಿನ ಚೌಕ ಗೋಪುರವನ್ನು ಹೊಗಳುತ್ತಿದ್ದರು. ನಾನು ಕಿವಿಯಾರೆ ಕೇಳಿದ್ದೇನೆ.

ಇಷ್ಟೂ ವರ್ಷದಲ್ಲಿ ಅವನ ಚಿತ್ರದಲ್ಲಿ ತಪ್ಪು ಹಿಡಿದವಳು ಒಬ್ಬಳೇ, ಮನೆಯ ಒಡತಿ ದೊನ್ಯಾ ತೊಮಾಸಾ. ಅವಳು ಇಲ್ಲಿಯವಳೇ, ಪೂಎಬ್ಲಾ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು. ಒಂದು ದಿನ ಹೆಬ್ಬೆರಳಿನಷ್ಟು ದಪ್ಪ ಮೆಣಸಿನಕಾಯಿ ಹಾಕಿದ ಅವರೆ ಸಾರು ತಂದುಕೊಟ್ಟು, ಒಣಗುತ್ತಿದ್ದ ಚಿತ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದು ನಮ್ಮ ಪೂಎಬ್ಲಾ ರಸ್ತೆ ಅಲ್ವಾ? ನಮ್ಮಕ್ಕನ ಮನೆ ತಿರುವು?"

"ಇದು ಕಸ್ತಿಯ್ಯಾ, ತಾಯಿ! ಸ್ಪೇನ್! ಸಾವಿರಾರು ಮೈಲಿ ದೂರ!"

"ಇದ್ದೀತಪ್ಪ. ಆದ್ರೆ ಈ ಮೋಡ ನಮ್ಮದು."

"ಮೋಡಕ್ಕೂ ಊರಿರತ್ತಾ? ಸಾಕು, ನಡೀರಿ ನೀವು!"

"ನಡೀತೀನಿ. ತಟ್ಟೆ ತೊಳೆದು ಕೊಡಿ" ಅಂದು ಹೋದಳು. ಓದುಬರಹ ಬಾರದ ಹೆಂಗಸಿಗೆ ಕಲೆ ಏನು ತಿಳಿಯುತ್ತದೆ ಅಂತ ಕೆಫೆಯಲ್ಲಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೀಗೇ ಸಾಗುತ್ತಿತ್ತು. ಅರವತ್ತೆರಡನೇ ಇಸವಿಯ ಏಪ್ರಿಲ್ಲಿನಲ್ಲಿ ಒಂದು ಕಾಗದ ಬಂತು. ಬೆನಿಗ್ನೊ ಅದನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಇಳಿದು ಬಂದ.

"ಓದು" ಅಂದ.

ಓದಿದೆ. "ಮಾನ್ಯ ಬೆನಿಗ್ನೊ ಕಿಂತಾನಾ ಅವರಿಗೆ. ಫೆಬ್ರವರಿಯಲ್ಲಿ ಅಮ್ಮ ತೀರಿಕೊಂಡರು. ನಾನು ಕ್ವೆಂಕಾದ ಆಸ್ಪತ್ರೆಯಲ್ಲಿ ನರ್ಸಾಗಿದ್ದೇನೆ. ನಿಮ್ಮನ್ನು ಒಂದು ಸಲ ನೋಡಬೇಕು ಅಂತ ಇದೆ. ಜೂನಿನಲ್ಲಿ ಹಡಗು ಹತ್ತುತ್ತೇನೆ. ಹದಿನೈದು ದಿನಕ್ಕಿಂತ ಹೆಚ್ಚು ತೊಂದರೆ ಕೊಡುವುದಿಲ್ಲ. ಕಾಸಿಲ್ದಾ."

ಬ್ರಿಹಿದಾಳಿಗಾಗಿ ಅವನು ಅಂದು ಅತ್ತ. ನನ್ನ ಅಂಗಡಿಯ ಮರದ ಹೊಟ್ಟಿನ ಮೇಲೆ ಕೂತು, ಮೂಗು ಸುರಿಸಿಕೊಂಡು, ಸಣ್ಣ ಮಗುವಿನ ಹಾಗೆ ಅತ್ತ. ಅಂದು ನಾನು ಏನೂ ಆಡಿಕೊಳ್ಳಲಿಲ್ಲ. ಆಮೇಲೆ ಅವನು ಕಣ್ಣೊರೆಸಿಕೊಂಡು ಕಾಗದದ ಮೊದಲ ಪದದ ಮೇಲೆ ಬೆರಳಿಟ್ಟ.

"ಮಾನ್ಯ ಅಂತೆ. ನೋಡು. ನನ್ನ ಮಗಳು ನನಗೆ ಮಾನ್ಯ ಅಂತ ಬರೀತಾಳೆ."

"ಇನ್ನೇನು ಬರೀಬೇಕಿತ್ತು? ಕಾರ್ಡು ಕಳ್ಸಿದೋರಿಗೆಲ್ಲ ಅಪ್ಪ ಅಂತಾರಾ?"

"ಅನ್ನಿಸ್ತೀನಿ" ಅಂದ. "ಒಂದು ಸಲ ಅವಳ ಬಾಯಲ್ಲಿ ಅಪ್ಪಾ ಅನ್ನಿಸ್ಕೋಬೇಕು ಮೆಲಿತೋನ್. ಅಷ್ಟಾದ್ರೆ ಸಾಕು ನನಗೆ. ತೊರ್ರೆಸೆಕಾ ಬರೀತೀನಿ. ನಮ್ಮ ಮನೆ, ಬಾವಿ, ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತಿದ್ದ ದಾರಿ. ನೋಡಿದ ತಕ್ಷಣ ಗೊತ್ತಾಗ್ಬೇಕು ಅವಳಿಗೆ. ಈ ಮನುಷ್ಯ ಒಂದು ಕಲ್ಲನ್ನೂ ಮರೆತಿಲ್ಲ ಅಂತ."

ಎಲ್ಲರ ಊರನ್ನೂ ಬರೆದವನು ತನ್ನೂರನ್ನು ಮಾತ್ರ ಒಮ್ಮೆಯೂ ಬರೆದಿರಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ಎರಡು ಗಜ ಅಗಲದ ಕ್ಯಾನ್ವಾಸ್ ಬಿಗಿದುಕೊಟ್ಟೆ. ಏಳು ವಾರ ಬರೆದ. ಬಣ್ಣ ಹಚ್ಚುವನು, ಕೆರೆದು ತೆಗೆಯುವನು, ಕಣ್ಣು ಮುಚ್ಚಿ ತನ್ನ ಕೈಯನ್ನೇ ಗಾಳಿಯಲ್ಲಿ ಆಡಿಸುವನು, ಮತ್ತೆ ಹಚ್ಚುವನು. ಮುಗಿದ ದಿನ ಇಡೀ ಮೇಜು ಮಹಡಿ ಹತ್ತಿ ಬಂತು, ಚಿತ್ರ ಪರೀಕ್ಷೆ ಮಾಡಲು. ಮಣ್ಣಿನ ದಾರಿ. ದಾರಿಯ ಪಕ್ಕದಲ್ಲಿ ಗುಲಾಬಿ ಬಣ್ಣದ ಗೋಡೆಯ ಮನೆ. ಬಾವಿಯ ಮೇಲೆ ಬಾಗಿದ, ಜೋಲು ಕೊಂಬೆಯ ದೊಡ್ಡ ಮರ. ಹಿಂದೆ ಅಗಲ ಹೆಗಲಿನ ನೀಲಿ ಬೆಟ್ಟ. ಬೆಟ್ಟದ ಮೇಲೆ ರಾಶಿ ರಾಶಿ ಬಿಳಿ ಮೋಡ, ಇನ್ನೇನು ಸುರಿಯಬೇಕು ಅನ್ನುವ ಹಾಗೆ ತಳದಲ್ಲಿ ಕಪ್ಪು. ನಿಜ ಹೇಳಬೇಕೆಂದರೆ ಅವನು ಅಷ್ಟು ಚೆನ್ನಾಗಿ ಹಿಂದೆಂದೂ ಬರೆದಿರಲಿಲ್ಲ.

"ಕಸ್ತಿಯ್ಯಾ!" ಅಂದರು ಸೆರ್ವಾಂದೊ. "ಅಚ್ಚೊತ್ತಿದ ಹಾಗೆ ಕಸ್ತಿಯ್ಯಾ!"

ಎಲ್ಲರೂ ತಲೆಯಾಡಿಸಿದೆವು. ನಾನೂ ಆಡಿಸಿದೆ. ಆಡಿಸಿದ ಈ ತಲೆಯನ್ನು ಆಮೇಲೆ ಎಷ್ಟೋ ಸಲ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿದೆ.

ಕಾಸಿಲ್ದಾ ವೆರಾಕ್ರೂಸಿನಿಂದ ಬಸ್ಸಿನಲ್ಲಿ ಬಂದಳು. ಇಪ್ಪತ್ತಾರರ ಹುಡುಗಿ, ನೆಟ್ಟಗೆ ನಿಲ್ಲುವವಳು. ಬಸ್ ನಿಲ್ದಾಣದಲ್ಲಿ ಇವನು ಎರಡೂ ಕೈ ಚಾಚಿ ಓಡಿದ. ಅವಳು ಬಲಗೈ ಮುಂದೆ ಮಾಡಿ, "ನಮಸ್ಕಾರ ದೊನ್ ಬೆನಿಗ್ನೊ. ಪ್ರಯಾಣ ಚೆನ್ನಾಗಿತ್ತು" ಅಂದಳು. ಚಾಚಿದ ಕೈಗಳನ್ನು ಏನು ಮಾಡುವುದು ಅಂತ ತಿಳಿಯದೆ ಅವನು ಅವಳ ಪೆಟ್ಟಿಗೆಯನ್ನು ತಬ್ಬಿಕೊಂಡ.

ತೊಮಾಸಾ ಅವಳಿಗೆ ಕೆಳಗಿನ ಕೋಣೆ ಕೊಟ್ಟಳು. ನಾಲ್ಕು ದಿನ ಹಾಗೇ ಕಳೆಯಿತು. ದೊನ್ ಬೆನಿಗ್ನೊ, ಉಪ್ಪು ಕೊಡ್ತೀರಾ. ದೊನ್ ಬೆನಿಗ್ನೊ, ಪೋಸ್ಟಾಫೀಸು ಎಲ್ಲಿ. ಪರರಿಗೆ ಮರ್ಯಾದೆಗೆ ಹಚ್ಚುವ ಆ 'ದೊನ್' ಕೇಳಿದಾಗಲೆಲ್ಲ ಅವನು ಕುಗ್ಗಿಹೋಗುತ್ತಿದ್ದ. ಅವಳೇನು ಒರಟಳಲ್ಲ. ತೊಮಾಸಾಳ ಮಂಡಿನೋವಿಗೆ ಪಟ್ಟಿ ಕಟ್ಟಿದಳು, ನನ್ನ ಬೆರಳಿಗೆ ಚುಚ್ಚಿದ್ದ ಸಿಬಿರು ತೆಗೆದಳು. ಇವನೊಬ್ಬನ ಮುಂದೆ ಮಾತ್ರ ಆಸ್ಪತ್ರೆಗೆ ಬಂದ ಅಪರಿಚಿತನ ಹತ್ತಿರ ಆಡಿದ ಹಾಗೆ ಅಚ್ಚುಕಟ್ಟಾಗಿ ಮಾತಾಡುವಳು.

"ತೋರಿಸಿಬಿಡೋ" ಅಂದೆ ಕೊನೆಗೆ. "ಅವಳು ಹಡಗು ಹತ್ತಿದ ಮೇಲೆ ತೋರಿಸ್ತೀಯಾ?"

ಭಾನುವಾರ ಮಧ್ಯಾಹ್ನ ಕರೆದ. ಮೇಜಿನವರೂ ಬಂದರು. ಕರೆಯದಿದ್ದರೂ ಬರುವ ಜನ. ಸೆರ್ವಾಂದೊ ಟೈ ಕಟ್ಟಿಕೊಂಡು ಬಂದು ಮುಂದಿನ ಕುರ್ಚಿ ಹಿಡಿದರು. ತೊಮಾಸಾ ಬಾಗಿಲಿಗೆ ಒರಗಿ ನಿಂತಳು. ಬೆನಿಗ್ನೊ ಚಿತ್ರಕ್ಕೆ ಹೊದಿಸಿದ್ದ ಬಟ್ಟೆ ಎಳೆದ.

ಕಾಸಿಲ್ದಾ ನೋಡಿದಳು. ಹತ್ತಿರ ಹೋಗಿ ನೋಡಿದಳು. ಮತ್ತೆ ಹಿಂದೆ ಸರಿದು ನೋಡಿದಳು. ಅವಳ ಮುಖದಲ್ಲಿ ಮೊದಲ ಸಲ ಏನೋ ಅರಳಿತು.

"ತುಂಬಾ ಚೆನ್ನಾಗಿದೆ" ಅಂದಳು. "ಇದು ಯಾವ ಊರು?"

ಸೆರ್ವಾಂದೊ ಕುರ್ಚಿಯಿಂದ ಅರ್ಧ ಎದ್ದು, "ತೊರ್ರೆಸೆಕಾ ಅಲ್ವೇನಮ್ಮಾ! ನಿಮ್ಮೂರು!" ಅಂದರು.

"ತೊರ್ರೆಸೆಕಾನಾ?" ಅವಳು ಅವರನ್ನು ನೋಡಿದಳು, ತಂದೆಯನ್ನು ನೋಡಿದಳು. ಗೇಲಿ ಮಾಡುತ್ತಿದ್ದಾರೇನೋ ಅಂದುಕೊಂಡಳು. ಇಲ್ಲ ಅಂತ ಗೊತ್ತಾದ ಮೇಲೆ ದನಿ ತಗ್ಗಿಸಿದಳು. "ನಮ್ಮೂರಲ್ಲಿ ಬೆಟ್ಟ ಇಲ್ಲ ದೊನ್ ಬೆನಿಗ್ನೊ. ಗೋಡೆಗಳೆಲ್ಲ ಮಣ್ಣಿನ ಬಣ್ಣ. ಈ ಮರ ನಾನು ಅಲ್ಲಿ ಎಲ್ಲೂ ನೋಡಿಲ್ಲ. ಇಂಥ ಮೋಡ ಅಂತೂ ಹುಟ್ಟಿದಾಗಿಂದ ನೋಡಿಲ್ಲ. ಮೊನ್ನೆ ನೋಡಿದೆ, ಬಸ್ಸಿನಲ್ಲಿ ಬರೋವಾಗ. ಪೂಎಬ್ಲಾ ದಾಟಿದ ಮೇಲೆ ಬಲಗಡೆ ಕಿಟಕಿಯಲ್ಲಿ. ಇದೇ ಬೆಟ್ಟ. ಇದೇ ಮರ."

ನಾನು ತೊಮಾಸಾಳ ಕಡೆ ತಿರುಗಿದೆ. "ನಾನು ಹೇಳಿರ್ಲಿಲ್ವಾ" ಅನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಯಾರಿಗೂ ಸಿಗಲಾರದು. ಅವಳು ಅನ್ನಲಿಲ್ಲ. ಸೆರಗಿನ ಹಾಗೆ ಹೊದ್ದಿದ್ದ ಶಾಲನ್ನು ಬಾಯಿಗೆ ಒತ್ತಿಕೊಂಡಳು.

ನನಗೆ ಅಲ್ಲಿ ನಿಂತ ಹಾಗೇ ಎಲ್ಲ ಹೊಳೆಯಿತು. ನಾನು ಚೌಕಟ್ಟು ಹಾಕಿಕೊಟ್ಟ ಮುನ್ನೂರು ಊರುಗಳು! ನಮ್ಮವರ ಮನೆಮನೆಯ ಗೋಡೆಯ ಮೇಲೆ, ಅರಗೋನ್ ಅಂತ, ಲೆಯೋನ್ ಅಂತ, ಕ್ವೆಂಕಾ ಅಂತ ನೇತುಹಾಕಿಕೊಂಡು ನಾವು ಕಣ್ಣೀರಿಟ್ಟದ್ದೆಲ್ಲ ಈ ಹಾಳು ಪೂಎಬ್ಲಾ ರಸ್ತೆಯ ಮುಂದೆ. ಕಿಟಕಿಗೆ ಸುಣ್ಣ ಬಳಿದರೇನು, ಅವನು ಸಂತೆಗೆ ಹೋಗುತ್ತಿರಲಿಲ್ಲವೇ, ಬಸ್ಸು ಹತ್ತುತ್ತಿರಲಿಲ್ಲವೇ? ಕಣ್ಣು ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿತ್ತು. ಆಣೆ ಮಾಡಿದ್ದು ಬಾಯಿ ತಾನೇ. ಅದನ್ನು ಕಂಡುಹಿಡಿಯಲು ನಮ್ಮಲ್ಲಿ ಒಬ್ಬನಿಗಾದರೂ ಊರು ನೆನಪಿರಬೇಕಿತ್ತು.

ಬೆನಿಗ್ನೊ ಸ್ಟೂಲಿನ ಮೇಲೆ ಕುಸಿದ. "ಮರ್ತೋಯ್ತು" ಅಂದ, ಯಾರಿಗೂ ಅಲ್ಲ. "ನನ್ನೂರು ನನಗೆ ಮರ್ತೋಯ್ತು." ಆಮೇಲೆ ಸರಕ್ಕನೆ ಎದ್ದು ಬಣ್ಣ ಕೆರೆಯುವ ಚಾಕು ತೆಗೆದುಕೊಂಡ. "ಸುಳ್ಳು ಚಿತ್ರ. ಇದನ್ನ ಇಟ್ಕೋಬಾರ್ದು" ಅನ್ನುತ್ತ ಕ್ಯಾನ್ವಾಸಿನ ಕಡೆ ಹೋದ. ನಾನು ಹಿಡಿಯಲು ಹೋದೆ, ತಳ್ಳಿದ. ಮುದುಕನಿಗೆ ಅಷ್ಟು ಬಲ ಎಲ್ಲಿತ್ತೋ. ಚಾಕು ಎತ್ತಿದ.

"ಅಪ್ಪಾ!"

ಕಾಸಿಲ್ದಾ ಕೂಗಿದ ರಭಸಕ್ಕೆ ಅವನ ಕೈ ಅಲ್ಲೇ ನಿಂತಿತು. ಅವನು ತಿರುಗದೆ, ಯೋಚಿಸದೆ, "ಅಪ್ಪಣೆ?" ಅಂದ.

ಮೆಕ್ಸಿಕೊದ ಜನ ಓಗೊಡುವುದು ಹಾಗೆ. ಕರೆದರೆ ಏನು ಅನ್ನುವುದಿಲ್ಲ, ಅಪ್ಪಣೆ ಅನ್ನುತ್ತಾರೆ. "ನಾವು ರಾಜನನ್ನೇ ಓಡಿಸಿದವರು, ಯಾರ ಅಪ್ಪಣೆಯೂ ನಮಗೆ ಬೇಕಿಲ್ಲ" ಅಂತ ಅದನ್ನು ವರ್ಷಗಟ್ಟಲೆ ಅಣಕಿಸಿದವರಲ್ಲಿ ಬೆನಿಗ್ನೊನೇ ಮೊದಲಿಗ. ಸೆರ್ವಾಂದೊ ಬಾಯಿ ತೆರೆದುಕೊಂಡು ಕೂತರು. ತೊಮಾಸಾ ಫಕ್ಕನೆ ನಕ್ಕುಬಿಟ್ಟಳು. ಕಾಸಿಲ್ದಾಗೂ ನಗು ಬಂತು, ಅದರ ಜೊತೆಗೇ ಅಳುವೂ ಬಂತು. ಅವಳು ಹೋಗಿ ಅವನ ಕೈಯಿಂದ ಚಾಕು ತೆಗೆದಿಟ್ಟಳು.

"ಇದನ್ನ ನಂಗೆ ಕೊಡಿ" ಅಂದಳು.

"ಇದು ತೊರ್ರೆಸೆಕಾ ಅಲ್ಲ ಮಗಳೇ."

"ತೊರ್ರೆಸೆಕಾ ನಂಗೇನಕ್ಕೆ? ದಿನಾ ಬೆಳಿಗ್ಗೆ ಎದ್ದು ಅದನ್ನೇ ನೋಡಿ ಬೆಳೆದಿದೀನಿ. ಗೊತ್ತಿಲ್ದೇ ಇದ್ದಿದ್ದು ನೀವು ಎಲ್ಲಿದ್ರಿ ಅನ್ನೋದು. ಅಪ್ಪ ಎಲ್ಲಮ್ಮಾ ಅಂದ್ರೆ, 'ಎಲ್ಲೋ ಬೆಳಕು ಚೆನ್ನಾಗಿರೋ ಕಡೆ ಕೂತಿರ್ತಾರೆ ಬಿಡು' ಅಂತಿದ್ರು ಅಮ್ಮ. ಸಿಟ್ಟಿನಲ್ಲೇ ಅಂತಿದ್ರು. ನಾನೂ ಸಿಟ್ಟಿನಲ್ಲೇ ಬಂದೆ." ಅವಳು ಚಿತ್ರದ ಕಡೆ ನೋಡಿದಳು. "ಹೌದು. ಚೆನ್ನಾಗೇ ಇದೆ ಬೆಳಕು."

ಅವನು ತಲೆ ಎತ್ತಲಿಲ್ಲ. ಆ ಮಾತು ಅವನಿಗೆ ಎಷ್ಟು ಚುಚ್ಚಿತು ಅಂತ ನನಗೆ ಕಂಡಿತು. ಚುಚ್ಚಬೇಕಾದ್ದೇ. ಆದರೂ ಅವಳ ಕೈ ಅವನ ಭುಜದ ಮೇಲೇ ಇತ್ತು.

ಉಳಿದ ದಿನಗಳಲ್ಲಿ ಅವಳು ಅವನಿಗೆ ಊರಿನ ಸುದ್ದಿ ಹೇಳಿದಳು. ಬಾವಿ ಮುಚ್ಚಿಹೋಗಿತ್ತು, ಇಗರ್ಜಿಯ ಗಂಟೆ ಒಡೆದಿತ್ತು, ಹೆಗಲ ಮೇಲೆ ಕೂರಿಸಿಕೊಂಡು ಹೋದ ದಾರಿ ಅವಳಿಗೆ ನೆನಪೇ ಇರಲಿಲ್ಲ. ಅವನು ಕೇಳಿಸಿಕೊಂಡ. ಸೆರ್ವಾಂದೊ ಮಾತ್ರ ಮೇಜಿನ ಸಭೆ ಕರೆದು, ಆಣೆ ಮುರಿದದ್ದಕ್ಕೆ ಬೆನಿಗ್ನೊನನ್ನು ಹೊರಗೆ ಹಾಕಬೇಕೇ ಬೇಡವೇ ಅಂತ ಎರಡು ಗಂಟೆ ಚರ್ಚೆ ನಡೆಸಿದರು. ಗೊತ್ತಿಲ್ಲದೆ ಮುರಿದರೆ ಮುರಿದ ಹಾಗಲ್ಲ ಅಂತ ತೀರ್ಮಾನವಾಯಿತು. ಹಾಗೆ ತೀರ್ಮಾನ ಮಾಡದಿದ್ದರೆ ಅವರೆಲ್ಲರೂ ಮನೆಗೆ ಹೋಗಿ ತಂತಮ್ಮ ಗೋಡೆಯ ಚಿತ್ರ ಇಳಿಸಬೇಕಾಗುತ್ತಿತ್ತಲ್ಲ.

ಕಾಸಿಲ್ದಾ ಚಿತ್ರವನ್ನು ಸುರುಳಿ ಸುತ್ತಿ ತೆಗೆದುಕೊಂಡು ಹೋದಳು. ಬಸ್ಸು ಹೊರಡುವಾಗ ಅವನನ್ನು ತಬ್ಬಿಕೊಂಡಳು. ಉಳಿಯುತ್ತೇನೆ ಅನ್ನಲಿಲ್ಲ, ಅವನೂ ಕೇಳಲಿಲ್ಲ. ಬೆನಿಗ್ನೊ ಆಮೇಲೆ ಐದು ವರ್ಷ ಬದುಕಿದ, ತಿಂಗಳಿಗೊಂದು ಕಾಗದ ತಪ್ಪದೆ ಬರೆದ. ಅವಳೂ ಬರೆಯುತ್ತಿದ್ದಳು. ಅವಳ ಮೊದಲ ಕಾಗದವನ್ನು ಅವನು ಕೆಫೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿದ. ನಾಲ್ಕನೇ ಸಲ ಓದಲು ಆಗದೆ ನನ್ನ ಕೈಗೆ ಕೊಟ್ಟ.

"ಅಪ್ಪಾ, ಚಿತ್ರವನ್ನು ಅಮ್ಮನ ಕೋಣೆಯಲ್ಲಿ ಹಾಕಿದ್ದೇನೆ. ಗೋಡೆ ಪೂರ್ತಿ ಅದೇ. ತೊರ್ರೆಸೆಕಾದವರೆಲ್ಲ ಸರದಿಯಲ್ಲಿ ಬಂದು ನೋಡಿ ಹೋಗುತ್ತಿದ್ದಾರೆ. ಇಷ್ಟು ಮೋಡ ಇರುವ ಊರು ಯಾವುದು ಅಂತ ಎಲ್ಲರಿಗೂ ಆಶ್ಚರ್ಯ. ಕೇಳಿದವರಿಗೆಲ್ಲ, ನಮ್ಮಪ್ಪನ ಊರು ಅಂತ ಹೇಳುತ್ತಿದ್ದೇನೆ."